ಅಜ್ಜ ಯಾಕೆ ಹಸಿರಾದ?

ಇಟ್ಟಿಗಿ ಕಡೆಯ ಹಳೇ ಮನೆಗಳ ಪಡಸಾಲೆಯಲ್ಲಿ ಕತ್ತೆತ್ತಿ ನೋಡಿ, ಒಬ್ಬ ಅಜ್ಜ ಗೋಡೆ ಮೇಲಿಂದಲೇ ನಿಮ್ಮನ್ನು ಗದರಿಸುತ್ತಿರುತ್ತಾನೆ. ತಲೆಗೆ ರುಮಾಲು, ಹಣೆಗೆ ವಿಭೂತಿ, ಮೂಗಿನ ಕೆಳಗೆ ಊರಗಲ ಮೀಸೆ. ಫೋಟೊ ಕಪ್ಪು-ಬಿಳುಪಿನದು. ಒಂದು ಮೂಲೆಗೆ ಗೆದ್ದಲು ಹತ್ತಿದೆ, ಗಾಜಿಗೆ ಅಂಟಿದ ಕಡೆ ಅರ್ಧ ಕಿವಿ ಕಿತ್ತುಹೋಗಿದೆ. ಮೊಮ್ಮಕ್ಕಳು ನಾಲ್ವರು. ಹೊಲ-ಮನೆ ಪಾಲಾದ ಮೇಲೆ ಈಗ ಅಜ್ಜನ ಪಾಲು. ನಾಲ್ವರಿಗೂ ಒಂದೊಂದು ಅಜ್ಜ ಬೇಕು. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹಡಗಲಿಗೋ ಹರಪನಹಳ್ಳಿಗೋ ಬಸ್ಸು ಹತ್ತುತ್ತಾರೆ. ಸ್ಟುಡಿಯೋದ ಹುಡುಗ ಫೋಟೊಶಾಪಿನಲ್ಲಿ ಗೆದ್ದಲು ಓಡಿಸಿ, ಕಿವಿ ಕೂರಿಸಿ, ಪ್ರಿಂಟ್ ಒತ್ತುತ್ತಾನೆ. ಮಷಿನ್ನು ಅತ್ತಿಂದಿತ್ತ ಎಳೆದಾಡಿ ಅಜ್ಜನನ್ನು ಹೊರಗೆ ತಳ್ಳುತ್ತದೆ.

“ಏನ್ ತಮ್ಮಾ, ನಮ್ಮಜ್ಜ ಯಾಕ ಹಸರಾಗ್ಯಾನ?”

“ಟ್ಯೂಬ್‌ಲೈಟಿಗೆ ಹಂಗ ಕಾಣ್ತೈತಿ ಅಣ್ಣಾ. ಹೊರಗ ಬಿಸಿಲಿಗೆ ಹಿಡಿದು ನೋಡು.”

“ಈಗ ಕೆಂಪಾದ್ನಲ್ಲೋ!”

“ಸಿಟ್ಟು ಬಂದಿರಬೇಕು ಬಿಡಣ್ಣಾ.”

ಹುಡುಗ ನಗಿಸಿ ಜಾರಿಕೊಂಡ ಅಂತ ತಿಳಿಯಬೇಡಿ. ಅವನು ಹೇಳಿದ ಟ್ಯೂಬ್‌ಲೈಟಿನ ಮಾತು ಸುಳ್ಳಲ್ಲ. ಇಂಕ್‌ಜೆಟ್ ಪ್ರಿಂಟರ್ ಬಣ್ಣದ ವ್ಯಾಪಾರಿ. ಬೂದು ಬಣ್ಣ ಕೊಡು ಅಂದರೂ ಅದು ಸಯಾನ್, ಮೆಜೆಂಟಾ, ಹಳದಿ ಮೂರನ್ನೂ ಬೆರೆಸಿ “ತಗೋ ಬೂದು” ಅನ್ನುತ್ತದೆ. ಈ ಮೂವರದು ಅಣ್ಣತಮ್ಮಂದಿರ ಒಟ್ಟು ಸಂಸಾರ. ಮೂವರೂ ಸರಿಸಮ ನಿಂತರೆ ಮಾತ್ರ ಮನೆಯ ಗುಟ್ಟು ಹೊರಗೆ ಬೀಳದು. ಮೆಜೆಂಟಾ ಕೊಂಚ ಹಿಂದೆ ಸರಿದರೆ ಅಜ್ಜ ಹಸಿರು, ಕೊಂಚ ಮುಂದೆ ನುಗ್ಗಿದರೆ ಅಜ್ಜ ಗುಲಾಬಿ. ಸಾಲದ್ದಕ್ಕೆ ಒಂದೊಂದು ಇಂಕೂ ಒಂದೊಂದು ಬೆಳಕಿಗೆ ಒಂದೊಂದು ಥರ ಸ್ಪಂದಿಸುತ್ತದೆ. ಹೀಗಾಗಿ ಒಂದು ಬೆಳಕಿನ ಕೆಳಗೆ ಸಮನಾಗಿದ್ದ ಪಾಲು ಇನ್ನೊಂದು ಬೆಳಕಿಗೆ ಬಂದಾಗ ಏರುಪೇರಾಗುತ್ತದೆ. ಕಸುಬಿನವರು ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. ಹೆಸರು ದೊಡ್ಡದಾದರೆ ಗಿರಾಕಿ ಸುಮ್ಮನಾಗುತ್ತಾನೆ ಅನ್ನುವುದು ಡಾಕ್ಟರಿಗೂ ಗೊತ್ತು, ಪ್ರಿಂಟಿನವರಿಗೂ ಗೊತ್ತು.

ಅದೇ ಪ್ರಿಂಟರ್ ಮದುವೆ ಫೋಟೊದಲ್ಲಿ ಮದುಮಗಳ ಸೀರೆಯನ್ನು ಕೆಂಪಿನಿಂದ ಕುಂಕುಮಗೆಂಪಿಗೆ ತಿರುಗಿಸಿದ್ದರೂ ಯಾರೂ ಕೇಳಿರುವುದಿಲ್ಲ. ಬಣ್ಣದ ಗದ್ದಲದಲ್ಲಿ ಸಣ್ಣಪುಟ್ಟ ಕಳ್ಳತನ ನಡೆದುಹೋಗುತ್ತದೆ. ಬೂದಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ನಮ್ಮ ಕಣ್ಣು ಬಣ್ಣಕ್ಕೆ ಉದಾರಿ, ಬೂದಿಗೆ ಮಹಾ ಜಿಪುಣ. ಕೂದಲೆಳೆಯಷ್ಟು ಹಸಿರು ಸೇರಿದರೂ ಹಿಡಿದುಬಿಡುತ್ತದೆ.

“ಹಂಗಾದ್ರ ಬಣ್ಣದ ಇಂಕೇ ಬ್ಯಾಡ. ಕರೇದೊಂದ ಹಾಕು” ಅನ್ನುವ ಜಾಣರಿದ್ದಾರೆ. ಹುಡುಗ ಗ್ರೇಸ್ಕೇಲಿಗೆ ಟಿಕ್ ಹಾಕಿ, ಕಪ್ಪು ಇಂಕ್ ಒಂದರಲ್ಲೇ ಹೊಡೆಯುತ್ತಾನೆ. ಹಸಿರು ಹೋಯಿತು. ಆದರೆ ಪ್ರಿಂಟರಿಗೆ ತಿಳಿ ಕಪ್ಪು ಅನ್ನುವುದೇ ಗೊತ್ತಿಲ್ಲ. ತಿಳಿ ಬೂದು ಬೇಕೆಂದರೆ ಅದೇ ಗಾಢ ಕಪ್ಪಿನ ಚುಕ್ಕೆಗಳನ್ನು ದೂರ ದೂರ ಚೆಲ್ಲುತ್ತದೆ. ರುಮಾಲು, ಮೀಸೆ ಚೆಂದ ಬಂದವು. ಕೆನ್ನೆ ನೋಡಿ ಹಿರಿ ಸೊಸೆ ಕೇಳಿದಳು: “ಮಾವಾರಿಗೆ ಸಿಡುಬು ಯಾವಾಗ ಬಂದಿತ್ರೀ?”

ಇನ್ನೊಂದು ತಮಾಷೆ ಅಂದರೆ, ಬಾಳಿಕೆ ಬರುವ ಪಿಗ್ಮೆಂಟ್ ಕಪ್ಪು ಮೂಲದಲ್ಲಿ ಕಾರ್ಬನ್, ಅಂದರೆ ಮಸಿ. ದೀಪದ ಮಸಿಯನ್ನು ಬಿಳಿ ಗೋಡೆಗೆ ತೆಳ್ಳಗೆ ಸವರಿ ನೋಡಿ, ಕಂದು ಕಾಣುತ್ತದೆ. ಆ ಕಂದನ್ನು ಅಳಿಸಿ ತಟಸ್ಥ ಬೂದು ತರಬೇಕಾದರೆ ಒಂದಿಷ್ಟು ನೀಲಿ ಬೆರೆಸಲೇಬೇಕು. ಬಣ್ಣ ಬೇಡ ಅಂದವನೂ ಕೊನೆಗೆ ಬಣ್ಣದ ಕಾಲಿಗೇ ಬೀಳಬೇಕು. ಇನ್ನು ಅಜ್ಜನ ಹಣೆಯ ವಿಭೂತಿ? ಪ್ರಿಂಟರಿನಲ್ಲಿ ಬಿಳಿ ಇಂಕೇ ಇಲ್ಲ. ಅಲ್ಲಿ ಏನನ್ನೂ ಹೊಡೆಯದೆ ಖಾಲಿ ಬಿಟ್ಟ ಕಾಗದವೇ ವಿಭೂತಿ. ಆ ಕಾಗದವೋ, ಹೊಳಪಿನ ರಾಸಾಯನಿಕ ಕುಡಿದು ಬಿಸಿಲಿಗೆ ನೀಲಿ ಮಿಂಚುವ ಜಾತಿಯದು.

ದೊಡ್ಡ ಕಂಪನಿಗಳಿಗೆ ಈ ಗೋಳು ಮುಟ್ಟದೇ ಇಲ್ಲ. 2005ರಲ್ಲಿ ಎಪ್ಸನ್ ಕಂಪನಿ ಅಲ್ಟ್ರಾಕ್ರೋಮ್ ಕೆ3 ಅನ್ನುವ ಇಂಕ್ ತಂದಿತು. ಅದರಲ್ಲಿ ಗಾಢ, ತಿಳಿ, ಅತಿ ತಿಳಿ ಅಂತ ಮೂರು ಕಪ್ಪು. ಬೂದಿನ ಭಾರವನ್ನೆಲ್ಲ ಕಪ್ಪುಗಳೇ ಹೊತ್ತು, ಬಣ್ಣಗಳು ಚಿಟಿಕೆಯಷ್ಟು ಕೈ ಹಚ್ಚಿದರೆ ಸಾಕು. ಅಮೆರಿಕದ ಪ್ರಿಂಟ್ ಕಸುಬುದಾರ ಜಾನ್ ಕೋನ್ ಇನ್ನೂ ಮುಂದೆ ಹೋದವನು. ಬಣ್ಣದ ಇಂಕುಗಳನ್ನೆಲ್ಲ ಹೊರಗೆ ಹಾಕಿ, ಪ್ರಿಂಟರಿನ ಎಲ್ಲ ಡಬ್ಬಿಗಳಿಗೂ ಗಾಢದಿಂದ ತಿಳಿವರೆಗಿನ ಕಪ್ಪುಗಳನ್ನೇ ತುಂಬಿದ. ಅದಕ್ಕೆ ಪೀಜೋಗ್ರಫಿ ಅಂತ ಹೆಸರು. ನಮ್ಮ ತಾಲ್ಲೂಕುಗಳ ಸ್ಟುಡಿಯೋಗಳಲ್ಲಿರುವುದು ಬಹುಮಟ್ಟಿಗೆ ಆರು ಬಣ್ಣದ ಟ್ಯಾಂಕ್ ಪ್ರಿಂಟರ್. ಆರರಲ್ಲಿ ತಿಳಿ ಸಯಾನ್ ಇದೆ, ತಿಳಿ ಮೆಜೆಂಟಾ ಇದೆ. ಕಪ್ಪು ಮಾತ್ರ ಒಂದೇ. ಮದುಮಗಳ ಕೆನ್ನೆ ನುಣುಪಾಗಲೆಂದು ಮಾಡಿದ ಮಷಿನ್ನಿಗೆ ಅಜ್ಜನ ಕೆನ್ನೆಯ ಚಿಂತೆ ಯಾಕೆ?

ಕತ್ತಲೆ ಕೋಣೆಯ ಕಾಲದಲ್ಲಿ ಈ ರಗಳೆ ಇರಲಿಲ್ಲ. ಬ್ರೋಮೈಡ್ ಕಾಗದದ ಮೇಲೆ ಚಿತ್ರ ಮೂಡುತ್ತಿದ್ದುದು ಬೆಳ್ಳಿಯ ಕಣಗಳಿಂದ. ಅಲ್ಲಿ ಜಗಳವಾಡಲು ಮೂರು ಬಣ್ಣಗಳೇ ಇರಲಿಲ್ಲ. ನಮ್ಮ ಪಕ್ಕದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು-ಬಿಳುಪು ಸರಕು ಮಾಡುತ್ತಿತ್ತು. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923-2009) ನಾಡಿನ ಸಾಮಾನ್ಯರ ಮುಖಗಳನ್ನು ಲೋಕಕ್ಕೆ ತೋರಿಸಿದ್ದು ಕಪ್ಪು-ಬಿಳುಪಿನಲ್ಲೇ. ಆದರೆ ಮನುಷ್ಯನಿಗೆ ಸಮಾಧಾನ ಎಲ್ಲಿದೆ? ಆಗ ಹೆಚ್ಚಿಗೆ ದುಡ್ಡು ಕೊಟ್ಟು, ಕುಂಚದಿಂದ ಅಜ್ಜಿಯ ತುಟಿಗೆ ಕೆಂಪು, ಸೀರೆಗೆ ಹಸಿರು ಬಳಿಸುತ್ತಿದ್ದರು. ಈಗ ಪುಗಸಟ್ಟೆ ಬಂದ ಹಸಿರನ್ನು ತೆಗೆಸಲು ದುಡ್ಡು ಕೊಡುತ್ತೇವೆ.

ಅದಕ್ಕೇ ಹೇಳುತ್ತೇನೆ, ಅಜ್ಜನನ್ನು ಪ್ರಿಂಟ್ ಹಾಕಿಸುವವರು ಇಷ್ಟು ಮಾಡಿ. ನಾಲ್ಕೂ ಪ್ರತಿ ಒಟ್ಟಿಗೆ ಹೊಡೆಸಬೇಡಿ. ಮೊದಲು ಒಂದು ಸಣ್ಣ ತುಂಡಿನಲ್ಲಿ ಮುಖ ಮಾತ್ರ ಹೊಡೆಸಿ. ಇಂಕ್ ಒಂದು ಕಂಪನಿಯದು, ಕಾಗದ ಇನ್ನೊಂದರದು, ಸೆಟ್ಟಿಂಗ್ ಮತ್ತೊಂದು ಕಾಗದದ್ದು ಅಂತಾಗಿದ್ದರೆ ದೇವರೂ ಬೂದು ತರಲಾರ, ಅದನ್ನು ಕೇಳಿಕೊಳ್ಳಿ. ಆ ತುಂಡು ರಾತ್ರಿಯಿಡೀ ಆರಲಿ, ಹಸಿಯಿದ್ದಾಗಿನ ಬಣ್ಣ ಒಣಗಿದ ಮೇಲೆ ಹಾಗೇ ಉಳಿಯುವುದಿಲ್ಲ. ಬಿಸಿಲಲ್ಲಿ ನೋಡಿದ್ದು ಸಾಲದು. ಫೋಟೊ ನೇತು ಹಾಕುವ ಗೋಡೆಗೇ ಹಿಡಿದು, ಅಲ್ಲಿಯ ಬಲ್ಬಿನಲ್ಲೇ ನೋಡಿ. ಆರು ಬಣ್ಣದ ಮಷಿನ್ನಿನಿಂದ ಅಪ್ಪಟ ತಟಸ್ಥ ಬೂದು ಬಯಸುವುದಕ್ಕಿಂತ “ಚೂರು ಕಂದಿನ ಕಡೆ ಹೊರಳಿಸು ತಮ್ಮಾ” ಅನ್ನುವುದು ಜಾಣತನ. ಕಂದು ತಿರುಗಿದರೆ ಹಳೇ ಕಾಲದ ಫೋಟೊ ಅಂತ ನೆಂಟರು ಮೆಚ್ಚಿಕೊಳ್ಳುತ್ತಾರೆ. ಕಂದು ಅಜ್ಜನನ್ನು ಕೈಮುಗಿದು ಮನೆಗೆ ಕರೆತನ್ನಿ. ಹಸಿರು ಅಜ್ಜನನ್ನು ಮಾತ್ರ ಯಾವ ಮುಲಾಜೂ ಇಲ್ಲದೆ ವಾಪಸು ಕೊಡಿ.