ಗಿಟಾರಣ್ಣ ಪಿಟೀಲಣ್ಣನಾದದ್ದು

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯ ರೈಲಿಗೆ ಬಂಗಾರಪೇಟೆಗೆ ಬಂದು ಬೀಳುವ ನಮ್ಮಂಥವರಲ್ಲಿ ಹವ್ಯಾಸ ಇಟ್ಟುಕೊಳ್ಳುವಷ್ಟು ಪ್ರಾಣ ಉಳಿದಿರುವುದೇ ಕಮ್ಮಿ. ಉಳಿಸಿಕೊಂಡವರಲ್ಲಿ ಒಂದು ಜಾತಿಯಿದೆ, ವಾದ್ಯ ಬದಲಿಸುವವರದು. ಇವರು ಸಂಗೀತ ಬಿಡುವುದಿಲ್ಲ. ಬಿಟ್ಟರೆ ಬೀದಿಗೆ ಉಪಕಾರವಾದೀತು. ವಾದ್ಯ ಮಾತ್ರ ಬಿಡುತ್ತಾರೆ. ಒಂದರಲ್ಲಿ ಕಷ್ಟದ ಪಾಠ ಬಂತು ಅನ್ನುವಾಗಲೇ ಇನ್ನೊಂದರ ಮೊದಲ ಪಾಠಕ್ಕೆ ಹಣ್ಣು, ಕಾಯಿ, ಎಲೆ ಅಡಿಕೆ ಹಿಡಿದು ಹೊರಟಿರುತ್ತಾರೆ. ಕಲಿಯುವ ಮೊದಲೇ ಪೆಟ್ಟಿಗೆ, ಸ್ಟ್ಯಾಂಡು, ಒರೆಸುವ ಬಟ್ಟೆ ಎಲ್ಲವೂ ಬಂದಾಗಿರುತ್ತದೆ.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಎಲ್ಲರ ಮನೆ ಗೋಡೆಗೂ ಅಂಟಿಕೊಂಡಿರುವುದಿಲ್ಲ.

ನಮ್ಮ ಪಕ್ಕದ ಮನೆಯವರನ್ನು ಬೀದಿಯವರೆಲ್ಲ ಗಿಟಾರಣ್ಣ ಎನ್ನುತ್ತಿದ್ದರು. ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ. ಅಲ್ಲಿನ ಆಂಗ್ಲೋ ಇಂಡಿಯನ್ ಕುಟುಂಬವೊಂದು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಬಿಟ್ಟುಹೋದ ಗಿವ್‌ಸನ್ ಗಿಟಾರು ಇವರ ಪಾಲಿಗೆ ಬಂತಂತೆ. ಜಿ, ಸಿ, ಡಿ, ಇ ಮೈನರ್ ಎಂಬ ನಾಲ್ಕು ಕಾರ್ಡು ಕಲಿತರು. ಐದನೆಯದು ಎಫ್. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಅವರ ಸಂಗೀತ ಆ ಬೆರಳಿನ ಬುಡದಲ್ಲೇ ವರ್ಷಾನುಗಟ್ಟಲೆ ನಿಂತಿತ್ತು. ನಾಲ್ಕರಲ್ಲೇ ಎಷ್ಟೋ ಮದುವೆ, ಎಷ್ಟೋ ಗಣೇಶನ ಪೆಂಡಾಲು ಸುಧಾರಿಸಿದರು. ಶಂಕರ್‌ನಾಗ್ ಅವರ 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಹಾಕಿದ ರಾಗಗಳನ್ನು ಅವರು ನುಡಿಸಿದರೆ ಬೀದಿಯವರು ತಲೆದೂಗುತ್ತಿದ್ದರು. ಎಫ್ ಬರಬೇಕಾದ ಕಡೆ ಗಿಟಾರಣ್ಣ ಕೆಮ್ಮುತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿತ್ತು.

ಒಂದು ಗಣೇಶನ ಹಬ್ಬದಲ್ಲಿ ಪಿಯುಸಿ ಓದುವ ಹುಡುಗನೊಬ್ಬ, ಪಾನಿಪುರಿ ತಿಂದ ಕೈ ಒರೆಸಿಕೊಂಡು, ಅದೇ ಗಿಟಾರು ಎತ್ತಿ ಸಲೀಸಾಗಿ ಎಫ್ ಹಿಡಿದುಬಿಟ್ಟ. ಗಿಟಾರಣ್ಣ ಚಪ್ಪಾಳೆ ತಟ್ಟಿದರು. ಮುಂದಿನ ವಾರ ರೈಲಿನಲ್ಲಿ ಘೋಷಣೆಯಾಯಿತು: "ಗಿಟಾರ್ ಏನಿದ್ರೂ ಹುಡುಗರ ವಾದ್ಯ ಸಾರ್. ನಾನು ಪಿಟೀಲಿಗೆ ಹೋಗ್ತಾ ಇದೀನಿ."

"ಕಷ್ಟ ಅಲ್ವಾ?"

"ಎಂಥ ಕಷ್ಟ? ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಲೆಕ್ಕ ನೀವೇ ಹಾಕಿ."

ನಾನು ಸುಮ್ಮನಿರಲಾರದೆ, ಮೈಸೂರು ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಇದ್ದವಲ್ಲ ಅಂದೆ. ಅದು ನಾನು ಬೆಂಕಿಗೆ ಸುರಿದ ಎಣ್ಣೆ. ಅಂದಿನಿಂದ ಚೌಡಯ್ಯನವರು ನಮ್ಮ ಬೋಗಿಯ ಕಾಯಂ ಪ್ರಯಾಣಿಕರಾದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಇದೆ, ಗಿಟಾರಿನ ಆಕಾರದ್ದು ಎಲ್ಲಾದರೂ ಒಂದು ತೋರಿಸಿ ಎಂದು ತರಕಾರಿ ಬುಟ್ಟಿಯ ಹೆಂಗಸನ್ನೂ ಕೇಳಿದರು. ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನವರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಕಥೆ ವೈಟ್‌ಫೀಲ್ಡಿನವರೆಗೂ ನಡೆಯುತ್ತಿತ್ತು. "ನಮ್ಮ ಕೆಜಿಎಫ್ ದೊರೆಗಳು ನೋಡಿ, ಸೈನೈಡ್ ಗುಡ್ಡ ಬಿಟ್ಟು ಹೋದರು" ಎಂಬ ಷರಾದೊಂದಿಗೆ ಕಥೆ ಮುಗಿಯುತ್ತಿತ್ತು.

ಪಿಟೀಲು ಬಂದ ರಾತ್ರಿ ಮಾತ್ರ ಗೋಡೆಯಾಚೆ ಪೂರ್ತಿ ನಿಶ್ಶಬ್ದ. ಬೆಳಿಗ್ಗೆ ನೋಡಿದರೆ ಮುಖ ಬಾಡಿತ್ತು. "ಮೋಸ ಹೋದೆ ಸಾರ್. ಎಷ್ಟು ಎಳೆದರೂ ಸದ್ದೇ ಬರಲ್ಲ." ಹೊಸ ಕಮಾನಿನ ಕುದುರೆ ಕೂದಲಿಗೆ ರಾಳ ತಿಕ್ಕದೆ ತಂತಿ ಹಿಡಿಯುವುದಿಲ್ಲ, ಹೊಸ ರಾಳದ ಬಿಲ್ಲೆಯ ಮೈ ಗಾಜಿನ ಹಾಗೆ ನುಣುಪು, ಅದನ್ನು ಮೊದಲು ಉಜ್ಜು ಕಾಗದದಿಂದ ಒರಟು ಮಾಡಬೇಕು. ರಾಬರ್ಟ್‌ಸನ್‌ಪೇಟೆಯ ಮುದಿ ವಿದ್ವಾಂಸರೊಬ್ಬರು ಇಷ್ಟನ್ನು ಹೇಳಿಕೊಟ್ಟದ್ದೇ ತಡ, ಇವರು ಅರ್ಧ ಬಿಲ್ಲೆ ತಿಕ್ಕಿಬಿಟ್ಟರು. ಎಳೆದಾಗೆಲ್ಲ ಬಿಳಿ ಪುಡಿ ಎದ್ದು ಟೀವಿ, ದೇವರ ಗೂಡು, ಚಟ್ನಿ ಎಲ್ಲದರ ಮೇಲೂ ಕೂತಿತು. ಸದ್ದು ಬಂತು. ಆ ಸದ್ದಿನ ವರ್ಣನೆ ಬೇಡ. ನಮ್ಮ ಬೀದಿಯ ನಾಯಿಗಳು ಬೇರೆ ಬೀದಿಗೆ ಮತ ವರ್ಗಾಯಿಸಿಕೊಂಡವು.

ಗಿಟಾರಿನ ಕೊರಳಿಗೆ ಲೋಹದ ಮೆಟ್ಟಿಲುಗಳಿವೆ. ಎರಡರ ನಡುವೆ ಬೆರಳು ಎಲ್ಲಿಟ್ಟರೂ ಹೆಚ್ಚುಕಮ್ಮಿ ಅದೇ ಸ್ವರ. ತಪ್ಪಿದರೆ ಪಕ್ಕದ ಮನೆಯವರಿಗೆ ತಿಳಿಯುವುದಿಲ್ಲ. ಪಿಟೀಲಿನಲ್ಲಿ ಮೆಟ್ಟಿಲೂ ಇಲ್ಲ, ಮರೆಯೂ ಇಲ್ಲ. ಕೂದಲೆಳೆ ಜಾರಿದರೂ ಪಕ್ಕದ ಮನೆಯವರಿಗೇ ಮೊದಲು ಗೊತ್ತು. ಇದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಹೆಂಡತಿಯ ಸ್ಟಿಕ್ಕರ್ ಬೊಟ್ಟು. ಸ, ಪ, ಸ, ಪ ಎಂದು ಶ್ರುತಿ ಮಾಡಿದ ನಾಲ್ಕು ತಂತಿಯ ಕೆಳಗೆ ರಿಗೆ ಒಂದು, ಗಗೆ ಒಂದು ಎಂದು ಕೆಂಪು ಬೊಟ್ಟು ಅಂಟಿಸಿದರು. ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಬೊಟ್ಟುಗಳು ಮೆಲ್ಲಗೆ ಪ್ರಯಾಣ ಹೊರಟವು. ಗಿಟಾರಣ್ಣ ಅವನ್ನೇ ನಂಬಿ ನಿಷ್ಠೆಯಿಂದ ಅಪಸ್ವರ ಅಭ್ಯಾಸ ಮಾಡಿದರು. ಕೊನೆಗೆ ವಿದ್ವಾಂಸರು ಪಿಟೀಲು ಕೈಗೆ ತೆಗೆದುಕೊಂಡು, ಒಂದೊಂದೇ ಬೊಟ್ಟನ್ನು ಉಗುರಿನಿಂದ ಕಿತ್ತು, ಇವರ ಶರಟಿನ ಜೇಬಿಗೆ ಅಂಟಿಸಿ, ತಮ್ಮ ತಮಿಳು ಕನ್ನಡದಲ್ಲಿ ಹೇಳಿದರಂತೆ: "ಬೊಟ್ಟು ಮನೆಯಮ್ಮಂಗೆ ಕೊಡಪ್ಪಾ. ನಿನಗೆ ಕಿವಿ ಕೊಟ್ಟವ್ನಲ್ಲ ದೇವ್ರು."

ಇನ್ನು ಆಸನದ ಕಷ್ಟ. ಗಿಟಾರಿಗಾಗಿಯೇ ಬೆಳೆಸಿದಂತಿದ್ದ ಹೊಟ್ಟೆ ಈಗ ಅಡ್ಡ ಬಂತು. ಚಕ್ಕಳಮಕ್ಕಳ ಕೂತು ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಬೇಕು. ಕೂರುವುದು ಒಂದು ಪಾಠ, ಏಳುವುದು ಇನ್ನೊಂದು. ಸರಳೆ ವರಸೆ ಇವೆರಡರ ನಡುವೆ ಸಿಕ್ಕಷ್ಟು.

ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ. "ಈ ವಯಸ್ಸಲ್ಲಿ ಮೊದಲಿಂದ ಶುರು ಮಾಡೋದು ಬೇಕಾ ಅಣ್ಣ?"

ಅವರು ಬಿರಡೆ ತಿರುಗಿಸುತ್ತಲೇ ಹೇಳಿದರು. "2001ರಲ್ಲಿ ಗಣಿ ಮುಚ್ಚಿದಾಗ ನಮ್ಮಪ್ಪನಿಗೆ ಐವತ್ತರ ಹತ್ತಿರ. ಬಂಡೆಗೆ ರಂಧ್ರ ಹೊಡೆಯೋದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಗೇಟಿಗೆ ಸೆಕ್ಯೂರಿಟಿ ಆದರು. ಮನೇಲಿ ಕನ್ನಡಿ ಮುಂದೆ ನಿಂತು ಸಲ್ಯೂಟ್ ಹೊಡೆಯೋದು ಅಭ್ಯಾಸ ಮಾಡ್ತಿದ್ರು ಸಾರ್. ಕೈ ನೆಟ್ಟಗೆ ನಿಲ್ತಿರಲಿಲ್ಲ, ನಾವು ನಗ್ತಿದ್ವಿ. ನನ್ನದೇನು, ಪಿಟೀಲು ತಾನೆ."

ನಮ್ಮ ರೈಲಿನಲ್ಲಿ ಇಂಥ ಅಪ್ಪಂದಿರು ಎಷ್ಟು ಮಂದಿ ಬಂದು ಹೋದರೋ. ಮಾರಿಕುಪ್ಪಂ, ಊರಿಗಾಂ, ಕೋರಮಂಡಲದಲ್ಲಿ ಟಿಫನ್ ಡಬ್ಬಿ ಹಿಡಿದು ಹತ್ತಿ, ನೆಲದಾಳದಲ್ಲಿ ಕಲಿತದ್ದನ್ನು ನೆಲದಾಳದಲ್ಲೇ ಬಿಟ್ಟು, ನೆಲದ ಮೇಲಿನ ಕೆಲಸವನ್ನು ಅಆಇಈಯಿಂದ ಶುರು ಮಾಡಿದವರು. ಅವರಿಗೆ ಎಫ್ ಬಂದಾಗ ಕೆಮ್ಮುವ ಅವಕಾಶ ಇರಲಿಲ್ಲ. ಅವರ ಎದುರೇ ಎಷ್ಟೋ ವರ್ಷ ಕೂತಿದ್ದೆ. ನನಗೆ ಕಂಡದ್ದು ಸೀಟು ಹಿಡಿಯಲು ಅವರು ಹಾಸುತ್ತಿದ್ದ ಟವೆಲ್ಲು ಮಾತ್ರ.

ನಾನು ಸುಮ್ಮನಾದದ್ದನ್ನು ಗಿಟಾರಣ್ಣ ಒಪ್ಪಿಗೆ ಎಂದುಕೊಂಡರು. ಸಾಧನೆ ಬೆಳಗಿನ ಜಾವಕ್ಕೆ ಬಂತು. ಸಾಲದ್ದಕ್ಕೆ ಗೋಡೆ ತಟ್ಟಿ ಕೇಳುತ್ತಾರೆ: "ಸಾರ್, ಮಾಯಾಮಾಳವಗೌಳ ಗಾಂಧಾರ ಸರಿ ಇದೆಯಾ?" ನನಗೆ ಗಾಂಧಾರ ಗೊತ್ತಿರುವುದು ಮಹಾಭಾರತದಿಂದ. ಆದರೂ ಹಾಸಿಗೆಯಲ್ಲೇ ಮಲಗಿ, "ಒಂಚೂರು ಇಳಿದಿದೆ ಅಣ್ಣ" ಎಂದೆ. ಅವರು ಏರಿಸಿದರು. ಮಾರನೆಯ ದಿನವೂ ಹಾಗೇ ಅಂದೆ. ಮತ್ತೆ ಏರಿಸಿದರು. ವಾರ ಕಳೆದು ಪಾಠಕ್ಕೆ ಹೋದಾಗ ಗಾಂಧಾರ ಹೋಗಿ ಮಧ್ಯಮದ ಮಡಿಲಲ್ಲಿ ಕೂತಿತ್ತಂತೆ. ಯಾರು ಹೇಳಿಕೊಟ್ಟಿದ್ದು ಎಂದು ವಿದ್ವಾಂಸರು ಗದರಿದ್ದಾರೆ. ಇವರು, ಪಕ್ಕದ ಮನೆಯಲ್ಲಿ ಒಬ್ಬರು ಬಲ್ಲವರಿದ್ದಾರೆ ಎಂದು ಬಲು ಗೌರವದಿಂದ ನನ್ನ ಹೆಸರು ಹೇಳಿದ್ದಾರೆ.

ಭಾನುವಾರ ಆ ಬಲ್ಲವರನ್ನು ಕರೆದುಕೊಂಡೇ ಬರಬೇಕೆಂದು ಅಪ್ಪಣೆಯಾಗಿದೆ. ಹಣ್ಣು, ಕಾಯಿ, ಎಲೆ ಅಡಿಕೆ ಅವರೇ ತರುತ್ತಾರಂತೆ.