ಕೋರ್ಸ್ ಮಾವ

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಯಾವ ಕಡೆ ಗೃಹಪ್ರವೇಶಕ್ಕೆ ಹೋದರೂ, ಎರಡನೇ ಪಂಕ್ತಿಗೆ ಕಾಯುತ್ತ ಜಗಲಿಯಲ್ಲಿ ಎಲೆಅಡಿಕೆ ಹಾಕುವ ಕೋರ್ಸ್ ಮಾವ ಸಿಕ್ಕೇ ಸಿಗುತ್ತಾರೆ. ಸ್ವಂತ ಮಕ್ಕಳು ಬೆಂಗಳೂರಲ್ಲಿ ಸಾಫ್ಟ್‌ವೇರ್. ತೋಟಕ್ಕೆ ಹಳದಿ ಎಲೆ ರೋಗ ಹೊಕ್ಕ ಮೇಲೆ ಕೆಲಸವೂ ಕಡಿಮೆ. ಹಾಗಾಗಿ ಊರಿನ ಪಿಯುಸಿ ಮಕ್ಕಳ ಭವಿಷ್ಯದ ಗುತ್ತಿಗೆ ಪೂರ್ತಿ ಅವರದ್ದೇ.

‘ಮುಂದೆ ಎಂಥ ಓದ್ತೀಯ?’

‘ಸೌಂಡ್ ರೆಕಾರ್ಡಿಂಗ್, ಮಾವ.’

‘ಮೈಕ್‌ಸೆಟ್ಟಾ? ಅದಕ್ಕೆ ಕಾಲೇಜು ಯಾಕೆ ಮಾರಾಯ? ಶಾಮಿಯಾನದವನ ಜೊತೆ ಎರಡು ಸೀಸನ್ ತಿರುಗು, ಸಾಕು.’

‘ಮೈಕ್‌ಸೆಟ್‌ನವರು ಕೇಳಿಸೋದು, ನಾವು ಹಿಡಿದಿಡೋದು.’

‘ಹಿಡಿಯಕ್ಕೆ ಮೊಬೈಲಿಲ್ವಾ?’

ಮಾವ ಹಿಡಿಯುವುದನ್ನು ನೋಡಬೇಕು. ಬಯಲಾಟದಲ್ಲಿ ಮುಂದಿನ ಸಾಲು, ಚೆಂಡೆಯ ಮಗ್ಗುಲಲ್ಲೇ ಕುರ್ಚಿ, ಮೈಕಿನ ತೂತಿನ ಮೇಲೆ ಹೆಬ್ಬೆರಳು. ಬೆಳಗಿನ ಜಾವ ಕುಟುಂಬದ ಗ್ರೂಪಿಗೆ ಬರುವ ಆ ಧ್ವನಿಮುದ್ರಣದಲ್ಲಿ ಭಾಗವತರ ಪದ್ಯ ಇರುವುದಿಲ್ಲ. ಚೆಂಡೆ ಇದ್ದಷ್ಟು ಹೊತ್ತು ಚೆಂಡೆ, ಅದು ನಿಂತರೆ ಮಾವನ ಕೆಮ್ಮು.

ವಾರ ಕಳೆಯುವುದರೊಳಗೆ ಮಾವ ರಾಗ ಬದಲಿಸಿದರು. 2009ರಲ್ಲಿ ರಸೂಲ್ ಪೂಕುಟ್ಟಿಗೆ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಶಬ್ದಕ್ಕೆ ಆಸ್ಕರ್ ಬಂದದ್ದು ಅವರಿಗೆ ಎಲ್ಲಿಂದಲೋ ಗೊತ್ತಾಗಿತ್ತು. ‘ಪಕ್ಕದ ಕೇರಳದವ, ಫಿಸಿಕ್ಸ್ ಓದಿದವ. ನಮ್ಮ ಹುಡುಗ ಎಂಥಕ್ಕೆ ಕಮ್ಮಿ?’ ಎಂದು ಅಂಗಡಿ ಕಟ್ಟೆಯಲ್ಲಿ ಕೂತು ಹುಡುಗನನ್ನು ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಸೇರಿಸಿಯೇಬಿಟ್ಟರು. ರಸೂಲ್ ಓದಿದ್ದೂ ಅಲ್ಲೇ ತಾನೆ! ಆದರೆ ಅಲ್ಲಿನ ಶಬ್ದ ವಿಭಾಗಕ್ಕೆ ಯಾವುದಾದರೊಂದು ಪದವಿ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಲೇಬೇಕು. ಹುಡುಗ ಓದುತ್ತಿರುವುದು ಕಾಮರ್ಸ್. ಹೋದ ವರ್ಷ ‘ಸಿಎ ಮಾಡು, ಕಣ್ಣುಮುಚ್ಚಿ ಸೇರು’ ಎಂದು ಅಪ್ಪನ ಎದುರು ಹಟ ಹಿಡಿದು ಕಾಮರ್ಸ್ ಕೊಡಿಸಿದವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಹೆಸರಘಟ್ಟದ ಸರ್ಕಾರಿ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಉಂಟಲ್ಲ ಎಂದು ಯಾರೋ ನೆನಪಿಸಿದರು. ‘ಸರ್ಕಾರಿಯಾ?’ ಎಂದ ಮಾವನ ಮುಖ ಕೊಳೆರೋಗ ಬಿದ್ದ ಗೊನೆಯಂತಾಯಿತು. ಆ ಸಂಸ್ಥೆಯ ಬೇರು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿದೆ. ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ. ಮಾವನಿಗೆ ಅದು ಬೇಡ. ಅವರ ಲೆಕ್ಕದಲ್ಲಿ ಒಳ್ಳೆಯ ಕಾಲೇಜೆಂದರೆ ಗಾಜಿನ ಕಟ್ಟಡ, ಹೈವೇ ಬದಿಯ ಬೋರ್ಡು, ‘ನೂರಕ್ಕೆ ನೂರು ಪ್ಲೇಸ್‌ಮೆಂಟು’. ಒಬ್ಬೊಬ್ಬ ವಿದ್ಯಾರ್ಥಿಗೆ ವಾರದಲ್ಲಿ ಎಷ್ಟು ಗಂಟೆ ಮಿಕ್ಸಿಂಗ್ ಕನ್ಸೋಲಿನ ಎದುರು ಕೂರಲು ಸಿಗುತ್ತದೆ, ಓದಿ ಹೊರಬಿದ್ದವರು ಈಗ ಎಲ್ಲಿದ್ದಾರೆ ಎಂದು ಅವರು ಯಾವ ಕಾಲೇಜಿಗೂ ಫೋನ್ ಮಾಡಿ ಕೇಳಿದವರಲ್ಲ. ಫೀಸು ಹೆಚ್ಚಾದಷ್ಟೂ ಕಾಲೇಜು ಒಳ್ಳೆಯದು, ಅಷ್ಟೆ. ಕಟ್ಟುವವರು ಬೇರೆಯವರಲ್ಲವೇ?

ಕೊನೆಗೆ ಮಾವ ತಮ್ಮ ಉಪ್ಪರಿಗೆಯನ್ನೇ ಬಿಟ್ಟುಕೊಡುತ್ತೇನೆ ಎಂದರು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸ್ಟುಡಿಯೊ ರೆಡಿಯಂತೆ. ಮೊಟ್ಟೆ ಟ್ರೇ ಎಂದದ್ದೇ ತಡ, ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ಅತ್ತೆ ಒಪ್ಪಿದ್ದರೂ ಉಪಯೋಗವೇನಿರಲಿಲ್ಲ. ಆ ಟ್ರೇ ಕೋಣೆಯೊಳಗಿನ ಮಾರ್ದನಿಯನ್ನು ಒಂಚೂರು ತಗ್ಗಿಸೀತು, ಹೊರಗಿನ ಸದ್ದನ್ನು ತಡೆಯದು. ಅದಕ್ಕೆ ಭಾರದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಆಷಾಢದ ಮಳೆ ತಗಡಿನ ಮೇಲೆ ಹೊಯ್ಯುವಾಗ ಆ ಉಪ್ಪರಿಗೆಯಲ್ಲಿ ರೆಕಾರ್ಡಾಗುವುದು ಮಳೆ ಒಂದೇ.

ಮನೆಯಲ್ಲಿ ಇಂಥ ಹುಚ್ಚಿನ ಮಗುವಿದ್ದರೆ ಎಸ್ಸೆಸ್ಸೆಲ್ಸಿ ಆದ ಕೂಡಲೇ ವಿಜ್ಞಾನಕ್ಕೆ ಹಾಕಿ, ಫೀಸು ಕಟ್ಟುವ ಮೊದಲು ಆ ಕಾಲೇಜಿನ ಸ್ಟುಡಿಯೊದೊಳಗೆ ಅರ್ಧ ದಿನ ಕೂರಿಸಿ ಬನ್ನಿ. ಸೀಟು ಸಿಕ್ಕಿ ರಸೀದಿ ಕೈಗೆ ಬರುವ ತನಕ ಮಾತ್ರ ಕೋರ್ಸ್ ಮಾವನ ಕಿವಿಗೆ ಸುದ್ದಿ ಬೀಳದ ಹಾಗೆ ನೋಡಿಕೊಳ್ಳಿ.