ಯಾವ ಕಾಯಿ, ಯಾವ ನಾಳ?

ಕೇಳಿದ್ದಕ್ಕೆ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೈಗಿಡುವ ಜನ ಎಲ್ಲ ಊರಲ್ಲೂ ಇದ್ದಾರೆ. ವಕೀಲ ಹಾಗೆ ಮಾಡಿದರೆ ಫೀ ಕೊಟ್ಟು ಸುಮ್ಮನಾಗುತ್ತೇವೆ. ಜ್ಯೋತಿಷಿ ಮಾಡಿದರೆ ಮನೆಗೆ ಓಡಿ ಜಾತಕ ತರುತ್ತೇವೆ. ರಕ್ತನಾಳದ ರೋಗಗಳ ಪ್ರಯೋಗಾಲಯದಲ್ಲಿ ದುಡಿಯುವವನು ಮಾಡಿದರೆ ಮಾತ್ರ ನಮ್ಮ ಪಿತ್ತ ನೆತ್ತಿಗೇರುತ್ತದೆ. ಬ್ಯಾಡಗಿ ಸೀಮೆಯ ಮದುವೆಯ ಪಂಕ್ತಿಯಲ್ಲಿ ಇಂಥವನೊಬ್ಬ ಕೂತಿದ್ದಾನೆಂದು ಗೊತ್ತಾದರೆ ಸಾಕು, ಎದುರು ಸಾಲಿನ ಹಿರಿಯರು ಕೇಳುವ ಪ್ರಶ್ನೆ ಒಂದೇ: “ತಮ್ಮಾ, ಮೆಣಸಿನಕಾಯಿ ತಿಂದ್ರ ಬಿಪಿ ಏರತೈತೋ, ಇಳೀತೈತೋ?” ಇವನು ರೊಟ್ಟಿ ಮುರಿಯುವ ಕೈ ನಿಲ್ಲಿಸಿ, “ಯಾವ ಕಾಯಿ, ಕಾಕಾ? ಎಷ್ಟು? ಜೋಡಿ ಉಪ್ಪೆಷ್ಟು?” ಎನ್ನುತ್ತಾನೆ. ಕಾಕಾನ ತೀರ್ಪು ಅಲ್ಲಿಗೇ ಮುಗಿಯಿತು: ಹುಡುಗ ಇಷ್ಟು ವರ್ಷ ಓದಿ ದಂಡ. ನನ್ನ ವಾದ ಇದಕ್ಕೆ ತದ್ವಿರುದ್ಧ. ಆ ಪ್ರಯೋಗಾಲಯಗಳಲ್ಲಿ ತಯಾರಾಗುವ ಸರಕುಗಳಲ್ಲೆಲ್ಲ ಅತ್ಯಂತ ಬೆಲೆಬಾಳುವುದು ಈ ಉತ್ತರ ಕೊಡದಿರುವ ಗುಣವೇ. ಅದನ್ನು ತಿಳಿಯಲು ಬ್ಯಾಡಗಿಯವರಿಗಿಂತ ಹೆಚ್ಚಿನ ಅರ್ಹತೆ ಬೇರೆ ಯಾರಿಗೂ ಇಲ್ಲ.

ಈ ಜಾತಿಯ ಜನ ದೂರದವರೇನಲ್ಲ. ವಿಜಯಪುರದ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರಕ್ತನಾಳಗಳಿಗೆಂದೇ ಮೀಸಲಾದ ಪ್ರಯೋಗಾಲಯವಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಇಲಿಗಳಿಗೆ ಮೆಣಸಿನಕಾಯಿಯ ಖಾರ, ಅರಿಶಿನ, ಮೆಂತ್ಯ ತಿನ್ನಿಸಿ ಅವುಗಳ ಕೊಲೆಸ್ಟರಾಲ್ ಅಳೆಯುವ ಕೆಲಸ ದಶಕಗಳ ಕಾಲ ನಡೆದಿದೆ. ಇಲ್ಲಿ ಬಿಡಿಸುತ್ತಿರುವ ಚಿತ್ರ ಇವುಗಳಲ್ಲಿ ಯಾವೊಂದರದ್ದೂ ಅಲ್ಲ, ಇಡೀ ಕುಲದ್ದು. ಕುಲದ ಯಜಮಾನ ಗೈಡು. ಅವರು ಊರಲ್ಲಿದ್ದರೆ ಮೀಟಿಂಗಿನಲ್ಲಿರುತ್ತಾರೆ, ಮೀಟಿಂಗಿನಲ್ಲಿಲ್ಲದಿದ್ದರೆ ಊರಲ್ಲಿರುವುದಿಲ್ಲ. ಎರಡನೆಯವನು ಪಿಎಚ್.ಡಿ. ವಿದ್ಯಾರ್ಥಿ. ಮನೆಯವರ ಲೆಕ್ಕದಲ್ಲಿ ಅವನು ಡಾಕ್ಟರ್, ಆದರೆ ಔಷಧ ಬರೆದುಕೊಡದ ಡಾಕ್ಟರ್, ಅಂದರೆ ಅಲ್ಲ. ಮೂರನೆಯವರು ಟೆಕ್ನೀಷಿಯನ್. ಯಾವ ಯಂತ್ರಕ್ಕೆ ಎಲ್ಲಿ ತಟ್ಟಿದರೆ ಚಾಲೂ ಆಗುತ್ತದೆ ಎಂಬ, ಯಾವ ಪ್ರಬಂಧದಲ್ಲೂ ಅಚ್ಚಾಗದ ವಿದ್ಯೆ ಇರುವುದು ಅವರೊಬ್ಬರಲ್ಲೇ. ಇನ್ನು ಇಲಿಮನೆ ನೋಡಿಕೊಳ್ಳುವವರು. ಇಲಿಗಳ ತೂಕ ಇಳಿದರೆ ಮೊದಲು ಕಳವಳಗೊಳ್ಳುವವರು ಇವರೇ, ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ ಮರೆತುಹೋಗುವವರೂ ಇವರೇ. ಇಷ್ಟೂ ಜನರನ್ನು ಆಳುವುದು ಮೈನಸ್ 80 ಡಿಗ್ರಿಯ ಫ್ರೀಜರು. ಕರೆಂಟು ಹೋದ ಗಳಿಗೆಯಲ್ಲಿ ಇವರೆಲ್ಲರ ಬಾಯಲ್ಲಿ ಹೊರಡುವ ಮೊದಲ ಮಾತು ಜನರೇಟರ್ ಕುರಿತದ್ದು, ಎರಡನೆಯದು ದೇವರ ಕುರಿತದ್ದು.

ಇವರು ಎಲ್ಲವನ್ನೂ ಅನುಮಾನಿಸುವ ಚಟ ಹತ್ತಿಸಿಕೊಂಡದ್ದು ಸುಮ್ಮನೆ ಅಲ್ಲ. ಇವರ ದಿನನಿತ್ಯದ ಕೆಲಸ ನೋಡಿ. ಇಲಿಯ ಮಹಾಪಧಮನಿಯಿಂದ ಎರಡು ಮೂರು ಮಿಲಿಮೀಟರಿನ ಒಂದು ಬಳೆ ಕತ್ತರಿಸಬೇಕು. ಅದನ್ನು ಎರಡು ಸಣ್ಣ ಕೊಕ್ಕೆಗಳ ನಡುವೆ ಸಿಕ್ಕಿಸಿ, 37 ಡಿಗ್ರಿಯ ಉಪ್ಪುನೀರಿನಲ್ಲಿ ಇಳಿಬಿಟ್ಟು, ಕೆಳಗಿನಿಂದ ಆಮ್ಲಜನಕದ ಗುಳ್ಳೆ ಹಾಯಿಸುತ್ತ ಕೂರಬೇಕು. ಬಳೆಗೆ ಸಮಾಧಾನವಾಗಲು ಒಂದು ಗಂಟೆಯಾದರೂ ಬೇಕು. ನಡುನಡುವೆ ನೀರು ಬದಲಿಸಬೇಕು. ಆಮೇಲೆ ಒಂದು ಔಷಧ ಹಾಕಿ ಅದು ಬಿಗಿಯುವುದನ್ನು, ಇನ್ನೊಂದು ಹಾಕಿ ಸಡಿಲವಾಗುವುದನ್ನು ಬರೆದುಕೊಳ್ಳಬೇಕು. ಇಷ್ಟಕ್ಕೂ ಮೊದಲೇ ಚಿಮಟದ ತುದಿ ನಾಳದ ಒಳಪದರಕ್ಕೆ ತುಸು ತಾಗಿತ್ತೆಂದರೆ ಇಡೀ ದಿನ ನೀರುಪಾಲು. ಆ ಪದರದ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಕಥೆಯನ್ನು ಈ ಕುಲದವರು ಪುರಾಣದಂತೆ ಹೇಳುವುದು ಈ ಕಾರಣಕ್ಕೇ. ಅಸಿಟೈಲ್‌ಕೋಲಿನ್ ಎಂಬ ವಸ್ತು ಮೊಲದ ಮಹಾಪಧಮನಿಯ ಪಟ್ಟಿಯನ್ನು ಬಿಗಿಯುತ್ತದೆ ಎಂದು ಅವರು 1950ರ ದಶಕದಲ್ಲಿ ಬರೆದರು. ಎರಡು ದಶಕಕ್ಕೂ ಹೆಚ್ಚು ಕಾಲ ಅದು ಹಾಗೇ ನಡೆಯಿತು. 1978ರಲ್ಲಿ ಅವರ ಟೆಕ್ನೀಷಿಯನ್ ಪ್ರಯೋಗದ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರು. ಬಿಗಿಯಬೇಕಾದ ನಾಳ ಸಡಿಲಗೊಂಡಿತು. ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ಪಟ್ಟಿ ಸಿದ್ಧಪಡಿಸುವಾಗ ಒಳಪದರ ಉಜ್ಜಿಹೋಗುತ್ತಿತ್ತು, ನಾಳವನ್ನು ಸಡಿಲಿಸುವ ಸಂದೇಶ ಹೊರಡುವುದು ಆ ಪದರದಿಂದಲೇ. 1980ರಲ್ಲಿ ಅದು ಅಚ್ಚಾಯಿತು, ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ಗೊತ್ತಾಯಿತು, 1998ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಬೆರಳಿನ ಉಜ್ಜುವಿಕೆಯೊಂದು ಇಷ್ಟು ವರ್ಷ ತಪ್ಪು ಉತ್ತರ ಹೇಳಿಸಿದ ವಿದ್ಯೆಯಲ್ಲಿ ಪಳಗಿದವನು ಪಂಕ್ತಿಯಲ್ಲಿ ಕೂತು ಥಟ್ಟನೆ “ಏರತೈತಿ” ಎಂದು ಹೇಳುವುದಾದರೂ ಹೇಗೆ?

ಈಗ ಕಾಕಾನ ಪ್ರಶ್ನೆಗೇ ಬರೋಣ. ಮೆಣಸಿನಕಾಯಿಯ ಖಾರ ಇರುವುದು ಕ್ಯಾಪ್ಸೈಸಿನ್ ಎಂಬ ವಸ್ತುವಿನಲ್ಲಿ. ಅದು ಹೋಗಿ ತಟ್ಟುವ ಬಾಗಿಲನ್ನು, ಅಂದರೆ ನರಗಳ ತುದಿಯಲ್ಲಿರುವ ಗ್ರಾಹಕವನ್ನು, 1997ರಲ್ಲಿ ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬಾಗಿಲು ತೆರೆದರೆ ಕೆಲವು ನಾಳಗಳು ಹಿಗ್ಗುತ್ತವೆ, ಕೆಲವು ಕುಗ್ಗುತ್ತವೆ. ಹುಟ್ಟಾ ಬಿಪಿ ಇರುವ ಇಲಿಗಳಿಗೆ ತಿಂಗಳುಗಟ್ಟಲೆ ಕ್ಯಾಪ್ಸೈಸಿನ್ ತಿನ್ನಿಸಿದಾಗ ಒತ್ತಡ ಇಳಿದದ್ದುಂಟು. ಇಟಲಿಯ 22,811 ಜನರನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟವಾದ ವರದಿಯಲ್ಲಿ, ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಮೆಣಸಿನಕಾಯಿ ತಿನ್ನುವವರಲ್ಲಿ ಸಾವು ಶೇಕಡಾ 23ರಷ್ಟು ಕಡಿಮೆ ಕಂಡಿತು. ಓದಿದೊಡನೆ ಬ್ಯಾಡಗಿ ಎ.ಪಿ.ಎಂ.ಸಿ. ಗೇಟಿಗೆ ಬ್ಯಾನರ್ ಕಟ್ಟಿಸಬೇಕೆನ್ನಿಸುತ್ತದೆ. ಅಷ್ಟರಲ್ಲಿ ನಮ್ಮ ಮನುಷ್ಯ ಗಂಟಲು ಸರಿಪಡಿಸಿಕೊಳ್ಳುತ್ತಾನೆ: ಮೆಣಸಿನಕಾಯಿ ತಿಂದದ್ದರಿಂದ ಬದುಕಿದರೋ, ಬದುಕುವ ಬಗೆಯ ಜನ ಮೆಣಸಿನಕಾಯಿ ತಿನ್ನುತ್ತಿದ್ದರೋ? ಇನ್ನೊಂದು ಕಡೆ, ಅಮೆರಿಕದಲ್ಲಿ ಖಾರ ತಿನ್ನುವ ಪಂದ್ಯಕ್ಕೆ ಇಳಿದು ಕ್ಯಾರೊಲಿನಾ ರೀಪರ್ ಎಂಬ ಅತಿಖಾರದ ಕಾಯಿ ತಿಂದವನೊಬ್ಬನಿಗೆ ಸಿಡಿಲು ಹೊಡೆದಂಥ ತಲೆನೋವು ಬಂದು, ಮಿದುಳಿನ ನಾಳಗಳೇ ಕಿರಿದಾಗಿದ್ದ ವರದಿ 2018ರದ್ದು. ಈ ಎಲ್ಲದರ ಮೇಲೆ ಒಂದು ಸ್ಥಳೀಯ ತೊಡಕು ಬೇರೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಕಾಯಿ ಹೆಸರು ಮಾಡಿದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅದರಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಖಾರದ ಮೇಲೆ ನಡೆದ ಸಂಶೋಧನೆಯನ್ನು ಖಾರವೇ ಕಡಿಮೆಯಿರುವ ಕಾಯಿಗೆ ಹೇಗೆ ಅನ್ವಯಿಸುವುದು?

ಇದು ತಪ್ಪಿಸಿಕೊಳ್ಳುವ ಉಪಾಯ ಎನ್ನುವವರು ಒಮ್ಮೆ ಮಾರುಕಟ್ಟೆಯ ದಿನ ಬ್ಯಾಡಗಿಗೆ ಬಂದು, ಸೀನುವುದನ್ನು ಮುಗಿಸಿ, ಯಾರಾದರೂ ಖರೀದಿದಾರರನ್ನು “ಮೆಣಸಿನಕಾಯಿ ರೇಟ್ ಏನ್ರೀ?” ಎಂದು ಕೇಳಲಿ. ಒಂದು ಅಂಕಿ ಹೇಳಿದರೆ ನನ್ನ ವಾದ ಸೋತಂತೆ. ಡಬ್ಬಿಯೋ ಕಡ್ಡಿಯೋ? ಹೊಸ ಮಾಲೋ, ಕೋಲ್ಡ್ ಸ್ಟೋರೇಜಿನದ್ದೋ? ನಾಟಿ ಬೀಜವೋ, 5531 ಹೈಬ್ರಿಡ್ಡೋ? ತೇವ ಎಷ್ಟು, ಬಿಳಿಗಾಯಿ ಎಷ್ಟು? ಕಾಯಿ ಮುರಿದು ಬೀಜ ನೋಡದೆ, ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸದೆ ಅವರು ತುಟಿ ಬಿಚ್ಚುವುದಿಲ್ಲ. ಅವರನ್ನು ನಾವು ಪಳಗಿದ ವ್ಯಾಪಾರಿ ಎನ್ನುತ್ತೇವೆ. ಅದೇ ಪ್ರಶ್ನೆಗಳನ್ನು ಬಿಳಿ ಕೋಟು ತೊಟ್ಟವನು ಕೇಳಿದರೆ ಓದಿ ಕೆಟ್ಟವನಾಗುತ್ತಾನೆ. ಬಿಪಿ ನೋಡೆಂದು ಬಂಧುಗಳು ತೋಳು ಚಾಚಿದಾಗ ಅವನು ಇಡುವ ಷರತ್ತುಗಳೂ ಇದೇ ಬಗೆಯವು. ಚಹಾ ಕುಡಿದು ಅರ್ಧ ಗಂಟೆಯಾಗಿರಬೇಕು, ಬೆನ್ನಿಗೆ ಆಸರೆ ಬೇಕು, ಕಾಲಮೇಲೆ ಕಾಲು ಹಾಕಬಾರದು, ಐದು ನಿಮಿಷ ಮಾತಾಡಬಾರದು. ಕೊನೆಯದು ಮದುವೆಮನೆಯಲ್ಲಿ ಸಾಧ್ಯವಿಲ್ಲವಾದ್ದರಿಂದ ಅಲ್ಲಿ ಯಾರ ಬಿಪಿಯೂ ಇದುವರೆಗೆ ಸರಿಯಾಗಿ ಅಳೆದದ್ದಿಲ್ಲ.

ಆಕ್ಷೇಪಣೆಗಳಿವೆ, ಕೆಲವು ಗಟ್ಟಿಯಾಗಿಯೂ ಇವೆ. ರೋಗಿ ಕಾಯುವುದಿಲ್ಲ, ಹಾವೇರಿಯ ದವಾಖಾನೆಯ ವೈದ್ಯರು ಇವತ್ತೇ ಏನಾದರೂ ಹೇಳಬೇಕು ಎಂಬುದು ಮೊದಲನೆಯದು. ನಿಜ, ಆದರೆ ಅವರು ಇವತ್ತು ಧೈರ್ಯವಾಗಿ ಹೇಳುವ “ಉಪ್ಪು ಇಳಿಸಿ, ತಂಬಾಕು ಬಿಡಿ, ಗುಳಿಗೆ ತಪ್ಪಿಸಬೇಡಿ” ಎಂಬುದರ ಹಿಂದೆ ಹೀಗೆ ಅನುಮಾನಿಸಿಯೇ ಮುಗಿಸಿದ ಎಷ್ಟೋ ವರ್ಷಗಳಿವೆ. ಅನುಮಾನ ತೀರಿದ ಕಡೆ ಈ ಕುಲದವರು ಮುಲಾಜಿಲ್ಲದೆ ಮಾತಾಡುತ್ತಾರೆ. ಕಾಕಾ ಮೆಣಸಿನಕಾಯಿಯ ಮೇಲೆ ಕೇಸು ಹಾಕುತ್ತಿದ್ದರೆ, ಅಪರಾಧಿ ಪಕ್ಕದಲ್ಲೇ ಎಲೆಯ ತುದಿಯಲ್ಲಿ ಕೂತಿರುತ್ತದೆ. ರಂಜಕಕ್ಕೆ ಮುಷ್ಟಿಗಟ್ಟಲೆ ಬಿದ್ದ ಉಪ್ಪು. ಇಲಿ ಮನುಷ್ಯನಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಅದನ್ನು ನಮಗಿಂತ ಮೊದಲು ಹೇಳುವವರು ಅವರೇ, ಆದ್ದರಿಂದ ಬಿಟ್ಟುಬಿಡೋಣ. ಮೂರನೆಯದಕ್ಕೆ ಮಾತ್ರ ನಾನು ಅರ್ಧ ತಲೆಬಾಗುತ್ತೇನೆ. ಎಲ್ಲ ಅನುಮಾನವೂ ತಪಸ್ಸಲ್ಲ. ಕೆಲವು ಬರೀ ಸೋಮಾರಿತನ. ಪ್ರತಿ ಪ್ರಬಂಧದ ಕೊನೆಗೂ ಬರುವ “ಈ ದಿಕ್ಕಿನಲ್ಲಿ ಇನ್ನಷ್ಟು ಸಂಶೋಧನೆ ಅಗತ್ಯ” ಎಂಬ ವಾಕ್ಯವೇ ಮುಂದಿನ ಅನುದಾನದ ಅರ್ಜಿಯ ಮೊದಲ ವಾಕ್ಯವಾಗಿರುವುದು ಆಕಸ್ಮಿಕವಲ್ಲ. ಆರು ಇಲಿಗಳಲ್ಲಿ ಒಂದು ಹೇಳಿದ ಮಾತು ಕೇಳದಿದ್ದರೆ ಅದನ್ನು ಲೆಕ್ಕದಿಂದ ಬಿಡಲು ಕಾರಣ ಹುಡುಕುವ ಗೈಡುಗಳೂ ಇದ್ದಾರು. ಆದರೆ ಅವರನ್ನು ಹಿಡಿದುಹಾಕುವುದೂ ಇನ್ನೊಂದು ಲ್ಯಾಬಿನ ಅನುಮಾನದವನೇ. ಉತ್ತರ ಬೇಕೆಂದು ಅವಸರಿಸುವ ನಾವಲ್ಲ.

ಹಾಗಾದರೆ ಬ್ಯಾಡಗಿ ಕಾಯಿಯ ಕೆಂಪು ನಾಳಗಳಿಗೆ ಏನು ಮಾಡುತ್ತದೆ ಎಂಬುದನ್ನೇ ಯಾರಾದರೂ ಹಿಡಿದು ನೋಡಬಾರದೇ? ನೋಡಬಹುದು. ಗೈಡು ಒಪ್ಪಬೇಕು, ಪ್ರಾಣಿ ನೈತಿಕತಾ ಸಮಿತಿ ಒಪ್ಪಬೇಕು, ಅನುದಾನ ಬರಬೇಕು. ಆಮೇಲೆ ಹುಡುಗ ಐದು ಕಿಲೋ ಡಬ್ಬಿ ಕಾಯಿಗೆ ಇಂಡೆಂಟ್ ಹಾಕುತ್ತಾನೆ. ಖರೀದಿ ವಿಭಾಗ ಮೂರು ಕೊಟೇಶನ್ ತರಿಸುತ್ತದೆ, ಮೂರನ್ನೂ ಒಂದೇ ಕಾಗದದ ಮೇಲೆ ಹೋಲಿಸುತ್ತದೆ, ನಿಯಮದ ಪ್ರಕಾರ ಎಲ್ಲಕ್ಕಿಂತ ಕಡಿಮೆ ದರದವರಿಗೆ ಆರ್ಡರ್ ಕೊಡುತ್ತದೆ. ಗುಂಟೂರು ಕಾಯಿ ಬಂದಿಳಿಯುತ್ತದೆ.